ತೋರಿಸಿ, ಆಮೇಲೆ ಬಿಲ್ಲು ಹಾಕಿ

ಮನೆಯಿಂದ,
ಹದಿನೇಳನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಕಾವಿಗೆ ಬೆನ್ನ ತುಂಬ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಡಬ್ಬಿಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಗೋಡೆಗೆ ಬೆನ್ನು ಉಜ್ಜಿಕೊಳ್ಳುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು, ಅದಕ್ಕೇ ಕೇಳಿದೆ. ನನ್ನ ಎಡಗಣ್ಣಿನ ಪೊರೆ ತೆಗೆದು ಎರಡು ತಿಂಗಳಾಯಿತು. ಈಗ ಎದುರು ಮನೆಯವರು ತಂತಿಯ ಮೇಲೆ ಒಣಹಾಕಿದ ಅಂಗಿಗೆ ಎಷ್ಟು ಗುಂಡಿ ಇವೆ ಎಂದು ನಮ್ಮ ಕಿಟಕಿಯಿಂದಲೇ ಎಣಿಸಬಲ್ಲೆ. ಕಣ್ಣೇನೋ ಚುರುಕಾಯಿತು, ಬುದ್ಧಿ ಎಲ್ಲಿಗೆ ಹೋಗಿತ್ತು ಎಂಬುದನ್ನು ಮುಂದೆ ಬರೆಯುತ್ತೇನೆ. ಓದಿ ನಗಬೇಡ. ನಕ್ಕರೂ ನಿನ್ನ ಹಡಗಿನವರಿಗೆ ಓದಿ ಹೇಳಬೇಡ.

ಮೊದಲು ಸುದ್ದಿ. ಕಾರು ಬಂತು! ಬೂದು ಬಣ್ಣದ್ದು. ಹಿಂದಿನ ಸೀಟು ಮಡಚಿದರೆ ಮೂರು ಹೊಲಿಗೆ ಯಂತ್ರಗಳು ಸಲೀಸಾಗಿ ಕೂರುತ್ತವೆ. ಈಗ ಕಿಟಕಿಯ ಕೆಳಗೇ ನಿಂತಿದೆ. ಎರಡು ಸಾಲು ಬರೆದು ಒಮ್ಮೆ ಎದ್ದು ನೋಡುತ್ತೇನೆ, ಮತ್ತೆ ಬಂದು ಎರಡು ಸಾಲು ಬರೆಯುತ್ತೇನೆ. ಹಾಗಾಗಿ ಈ ಪತ್ರ ಅಲ್ಲಲ್ಲಿ ಕುಂಟಿದರೆ ಅದಕ್ಕೆ ಕಾರೇ ಕಾರಣ. ಕಾರು ಕೊಂಡವಳು ನಿನ್ನ ಹೆಂಡತಿ, ಅವಳ ದುಡಿಮೆಯಿಂದ, ಅವಳ ಹೆಸರಿನಲ್ಲಿ. ನಾನು ಜೊತೆಗೆ ಹೋಗಿದ್ದೆ, ಅಷ್ಟೇ. ಜೊತೆಗೆ ಹೋಗಿ ಕೆಲಸ ಕೆಡಿಸಿದೆ ಎಂದರೆ ಇನ್ನೂ ಸರಿ.

ನೀನು ಹೋಗಿ ಒಂಬತ್ತು ತಿಂಗಳಾಯಿತು. ಅಷ್ಟರಲ್ಲಿ ಅವಳ ಹೊಲಿಗೆ ಯಂತ್ರ ರಿಪೇರಿಯ ಕೆಲಸ ಎಷ್ಟು ಬೆಳೆದಿದೆ ಎಂದು ನಿನಗೆ ಅಂದಾಜಿಲ್ಲ. ಈಗ ಅವಳನ್ನು ಹೊಲಿಗೆ ಕಾರ್ಖಾನೆಯವರು, ದರ್ಜಿಗಳು ಎಲ್ಲರೂ ಮಿಷನ್ ಅಕ್ಕ ಎಂದೇ ಕರೆಯುತ್ತಾರೆ. ನಮ್ಮ ಮುಂದಿನ ಕೋಣೆಯ ಗೋಡೆಗೆ ಹಲಗೆ ಹೊಡೆಸಿ, ಹಳೇ ಬಿಸ್ಕತ್ತಿನ ಡಬ್ಬಿಗಳಲ್ಲಿ ಸೂಜಿ, ಸ್ಪ್ರಿಂಗು, ಬಾಬಿನ್ ಎಲ್ಲ ಬೇರೆ ಬೇರೆ ಇಟ್ಟಿದ್ದಾಳೆ. ಮನೆಯೆಲ್ಲ ಮಿಷನ್ ಎಣ್ಣೆಯ ವಾಸನೆ. ಮೊದಲು ಮೂಗು ಮುರಿದೆ, ಈಗ ಆ ವಾಸನೆ ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅವಳ ಕೆಲಸದ ರೀತಿಯನ್ನು ನೀನು ಒಮ್ಮೆ ನೋಡಬೇಕು. ಯಾರಾದರೂ ಕೆಟ್ಟ ಯಂತ್ರ ತಂದರೆ ಅವರ ಎದುರಿಗೇ ಬಿಚ್ಚುತ್ತಾಳೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಡುತ್ತಾಳೆ. ಸವೆದ ಭಾಗವನ್ನು ಗಿರಾಕಿಯ ಕೈಗೇ ಕೊಟ್ಟು, "ನೋಡಿ, ಈ ಹಲ್ಲು ಸವೆದಿದೆ, ಬೆರಳಿಟ್ಟು ನೋಡಿ" ಎನ್ನುತ್ತಾಳೆ. ಆಮೇಲೆ ಚೀಟಿಯಲ್ಲಿ ಖರ್ಚು ಬರೆದುಕೊಡುತ್ತಾಳೆ. ಚೀಟಿಯಲ್ಲಿ ಇಲ್ಲದ ಒಂದು ಕಾಸನ್ನೂ ಆಮೇಲೆ ಕೇಳುವುದಿಲ್ಲ. ಇಷ್ಟೆಲ್ಲ ಯಾಕೆ, ಸುಮ್ಮನೆ ಬಿಲ್ಲು ಕೊಟ್ಟರಾಗದೇ ಎಂದು ನಾನೊಮ್ಮೆ ಕೇಳಿದ್ದೆ. "ತೋರಿಸದೇ ಇದ್ದದ್ದಕ್ಕೆ ದುಡ್ಡು ಹೇಗೆ ಕೇಳ್ಲಿ ಅತ್ತೆ?" ಎಂದಳು. ಅದನ್ನು ಅವಳು ದೊಡ್ಡ ನೀತಿ ಎಂದು ಹೇಳಲಿಲ್ಲ, ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು.

ಹೋದ ತಿಂಗಳು ಅವಳಿಗೊಂದು ದೊಡ್ಡ ಗುತ್ತಿಗೆ ಸಿಕ್ಕಿತು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆ, ಊರಾಚೆ, ನಲವತ್ತು ಯಂತ್ರಗಳು. ಒಂದು ವರ್ಷ ಪೂರ್ತಿ ಅವುಗಳ ಆರೈಕೆ ಅವಳದೇ. ಆದರೆ ಯಾವ ಯಂತ್ರ ನಿಂತರೂ ಅದೇ ದಿನ ಬದಲಿ ಯಂತ್ರ ತಂದಿಡಬೇಕು, ಅದಕ್ಕೆ ಸ್ವಂತ ವಾಹನ ಇರಬೇಕು ಎಂಬ ಷರತ್ತು. ಸ್ಕೂಟರಿನಲ್ಲಿ ಸಾಧ್ಯವಿಲ್ಲ. ಮೊನ್ನೆ ಮೊನ್ನೆಯೇ ಸ್ಕೂಟರಿನ ಮುಂದೆ ಇಟ್ಟುಕೊಂಡಿದ್ದ ಯಂತ್ರ ತಿರುವಿನಲ್ಲಿ ಜಾರಿ ಬಿದ್ದು ಒಡೆಯಿತು, ಅದರ ಬೆಲೆ ಕೈಯಿಂದ ತೆತ್ತಳು. ಅದನ್ನು ನಿನಗೆ ಬರೆಯಬೇಡಿ ಎಂದಿದ್ದಳು. ಈಗ ಬರೆದಾಯಿತು, ಬೈಯಲಿ. ಐದು ವರ್ಷ ಕೂಡಿಟ್ಟದ್ದನ್ನೆಲ್ಲ ಗುಡ್ಡೆಹಾಕಿ, ಕಂಪನಿಯ ಪಟ್ಟಿಯ ಬೆಲೆ, ತೆರಿಗೆ, ವಿಮೆಗೆ ಸರಿಹೋಗುತ್ತದೆ ಎಂದು ಮೂರು ಸಲ ಲೆಕ್ಕ ನೋಡಿ, ಕಾರು ಕೊಳ್ಳಲು ಹೊರಟಳು.

ಆಗಲೇ ನಿನ್ನ ಪತ್ರ ಬಂದದ್ದು. "ಅಮ್ಮಾ, ಅಂಗಡೀಲಿ ಮಾತೆಲ್ಲ ನೀನೇ ಆಡು, ಅವಳು ಯಾರೇನು ಹೇಳಿದ್ರೂ ಹೂಂ ಅಂದುಬಿಡ್ತಾಳೆ" ಎಂದಿದ್ದೆ. ನನಗೂ ಹಾಗೇ ಅನ್ನಿಸಿತ್ತು. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಕಾಗದ ಎಂದರೆ ನನ್ನ ಕ್ಷೇತ್ರ, ನನ್ನ ಕಣ್ಣು ತಪ್ಪಿಸಿ ಯಾರು ಏನು ಮಾಡಿಯಾರು ಎಂಬ ಜಂಬ. ಕೈಚೀಲದಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಹೊರಟೆ.

ಷೋರೂಮು ಎಂದರೆ ಗಾಜಿನ ಅರಮನೆ. ನೆಲ ಎಷ್ಟು ನುಣುಪು ಎಂದರೆ ನಾನು ಸೊಸೆಯ ತೋಳು ಹಿಡಿದೇ ನಡೆದೆ. ನಮ್ಮನ್ನು ಎದುರುಗೊಂಡವನು ಟೈ ಕಟ್ಟಿದ ಒಬ್ಬ ಮಾರಾಟಗಾರ. ಅವನಿಗೆ ನಾನು ಜೇನುಬಾಯಿ ಎಂದು ಹೆಸರಿಟ್ಟಿದ್ದೇನೆ. ಅರ್ಧ ಗಂಟೆಯಲ್ಲಿ ಅಮ್ಮಾ, ಅಮ್ಮಾ ಎಂದು ಅವನು ಕರೆದಷ್ಟು ಸಲ ನೀನು ಹುಟ್ಟಿದಾಗಿನಿಂದ ಕರೆದಿಲ್ಲ. ತಣ್ಣಗಿನ ಹಣ್ಣಿನ ರಸ ಕೊಟ್ಟ, ಕುರ್ಚಿಗೆ ದಿಂಬು ಕೊಟ್ಟ, ಆಮೇಲೆ ಬುಕಿಂಗ್ ಕಾಗದ ಕೊಟ್ಟ. ಸೊಸೆ ಕಾರಿನ ಹಿಂದಿನ ಬಾಗಿಲು ತೆಗೆದು ಅಳತೆಪಟ್ಟಿ ಹಿಡಿದು ಒಳಗೆ ಬಗ್ಗಿದ್ದಳು. ಕಾಗದ ನಾನು ನೋಡುತ್ತೇನೆ ಎಂದು ನಾನೇ ಕೈಚಾಚಿದೆ. ಎರಡು ಪುಟ, ಸಣ್ಣ ಅಕ್ಷರ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿದೆ ಪುಟ್ಟಾ, ಸುಳ್ಳಲ್ಲ. ಒಂಬತ್ತು ತಪ್ಪು ಹಿಡಿದೆ. ಒತ್ತಕ್ಷರ ಬಿಟ್ಟುಹೋದದ್ದು, ಪದಕ್ಕೆ ಪದ ಅಂಟಿಕೊಂಡದ್ದು, ಸಾಲು ಬಾಗಿದ್ದು, ಎಲ್ಲವನ್ನೂ ಅಂಚಿನಲ್ಲಿ ಗುರುತು ಹಾಕಿ ತಿದ್ದಿದೆ. ಜೇನುಬಾಯಿ ಕೈ ಮುಗಿದು, "ಅಬ್ಬಾ, ಏನು ಕಣ್ಣಮ್ಮಾ ನಿಮ್ದು! ಇಷ್ಟು ವರ್ಷದಲ್ಲಿ ಇದನ್ನ ಹೀಗೆ ಓದಿದವರೇ ಇಲ್ಲ" ಎಂದ. ನಾನು ಬೀಗಿದೆ. ಸೊಸೆ ಬಂದು ಪೆನ್ನು ತೆಗೆದುಕೊಂಡಾಗ ಅವನು ಇನ್ನೊಮ್ಮೆ ಓದುತ್ತೀರಾ ಎಂದು ಕೇಳಿದ. "ಅತ್ತೆ ಓದಿದ್ದಾರಲ್ಲ" ಎಂದು ಸಹಿ ಹಾಕಿ ಮುಂಗಡ ಕಟ್ಟಿಬಿಟ್ಟಳು.

ಹತ್ತು ದಿನದ ಮೇಲೆ, ಹೋದ ಬುಧವಾರ, ಕಾರು ತರಲು ಹೋದೆವು. ಜೇನುಬಾಯಿ ಬಿಲ್ಲು ತಂದಿಟ್ಟ. ಪಟ್ಟಿಯ ಬೆಲೆ, ಸರ್ಕಾರದ ತೆರಿಗೆ ಮತ್ತು ಶುಲ್ಕದ ಕೆಳಗೆ ಇನ್ನೂ ನಾಲ್ಕು ಸಾಲು. ಹ್ಯಾಂಡ್ಲಿಂಗ್ ಚಾರ್ಜು, ದಾಖಲೆ ಶುಲ್ಕ, ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಬಳಿದ ಲೇಪನ, ಷೋರೂಮಿನ ಮೂಲಕವೇ ಮಾಡಿಸಿದ ವಿಮೆ. ನಾಲ್ಕೂ ಸೇರಿದರೆ ಅವಳ ಐದು ತಿಂಗಳ ದುಡಿಮೆ. ಇದೆಲ್ಲ ಯಾರು ಕೇಳಿದ್ದು ಎಂದು ನಾನು ದನಿ ಏರಿಸಿದೆ. ಗಾಜಿನ ಕೋಣೆಯಿಂದ ಮ್ಯಾನೇಜರ್ ಬಂದರು. ನಮ್ಮ ಬುಕಿಂಗ್ ಕಾಗದವನ್ನು ಮೇಜಿನ ಮೇಲೆ ಹರಡಿ ಹನ್ನೊಂದನೇ ಷರತ್ತಿನ ಮೇಲೆ ಬೆರಳಿಟ್ಟರು. ಷೋರೂಮು ನಿಗದಿಪಡಿಸಿದ ಹೆಚ್ಚುವರಿ ಸೇವೆಗಳನ್ನು ಗ್ರಾಹಕರು ಕಡ್ಡಾಯವಾಗಿ ಪಡೆಯತಕ್ಕದ್ದು, ಬುಕಿಂಗ್ ರದ್ದಾದಲ್ಲಿ ಮುಂಗಡ ಹಿಂದಿರುಗಿಸಲಾಗುವುದಿಲ್ಲ. ಹಾಗೆಂದು ಅಚ್ಚಾಗಿತ್ತು. ಆ ಸಾಲಿನಲ್ಲಿ ಅಂಟಿಕೊಂಡಿದ್ದ ಎರಡು ಪದಗಳನ್ನು ಬಿಡಿಸಿ, ಕೊನೆಗೆ ಬಿಟ್ಟುಹೋಗಿದ್ದ ಪೂರ್ಣವಿರಾಮವನ್ನು ಕೆಂಪು ಶಾಯಿಯಲ್ಲಿ ದುಂಡಗೆ ಇಟ್ಟವಳು ನಾನೇ. "ನಿಮ್ಮ ಅತ್ತೆಯವರೇ ತಿದ್ದಿ ಕೊಟ್ಟಿದ್ದಾರೆ ಮೇಡಂ, ಇದಕ್ಕಿಂತ ಚೆನ್ನಾಗಿ ಇನ್ಯಾರು ಓದ್ತಾರೆ?" ಎಂದರು ಮ್ಯಾನೇಜರ್, ನಗುತ್ತಾ.

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ನಮ್ಮ ಕಸುಬೇ ಹಾಗೆ ಪುಟ್ಟಾ. ಅರ್ಥದ ಬೆನ್ನು ಹತ್ತಿದರೆ ಅಕ್ಷರ ತಪ್ಪಿಹೋಗುತ್ತದೆ, ಅದಕ್ಕೆ ಅರ್ಥವನ್ನು ಚಪ್ಪಲಿಯಂತೆ ಬಾಗಿಲ ಹೊರಗೆ ಬಿಟ್ಟು ಓದುವುದನ್ನು ರೂಢಿ ಮಾಡಿಕೊಳ್ಳುತ್ತೇವೆ. ಎಷ್ಟು ನೂರು ಕಾದಂಬರಿ ತಿದ್ದಿದ್ದೇನೆ, ಒಂದರ ಕಥೆಯೂ ನನಗೆ ಗೊತ್ತಿಲ್ಲ. ಆ ರೂಢಿಯನ್ನೇ ಹೊತ್ತುಕೊಂಡು ಹೋಗಿ ಅವಳ ಐದು ವರ್ಷದ ಉಳಿತಾಯದ ಮೇಲೆ ಪೂರ್ಣವಿರಾಮ ಇಟ್ಟಿದ್ದೆ. ಕಟ್ಟಲು ಅವಳ ಬಳಿ ಅಷ್ಟು ಹಣ ಇರಲಿಲ್ಲ. ಬೇಡ ಎಂದು ಎದ್ದರೆ ಮುಂಗಡ ಹೋಗುತ್ತದೆ, ಕಾರಿಲ್ಲದೆ ಗುತ್ತಿಗೆಯೂ ಹೋಗುತ್ತದೆ. ಅದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಇನ್ನೊಂದು: ನನ್ನ ಓದನ್ನು ನಂಬಿ ಸಹಿ ಹಾಕಿದ ಹೆಣ್ಣು ಇನ್ನು ಮುಂದೆ ನನ್ನ ಮಾತಿಗೆ ಯಾಕಾದರೂ ಬೆಲೆ ಕೊಟ್ಟಾಳು? ನನ್ನ ಪಿಂಚಣಿಯ ಪುಸ್ತಕ ಇದೆ, ಕಟ್ಟಿಬಿಡೋಣ ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೂ ನೋಡಲಿಲ್ಲ. "ನೀವು ಕೂತ್ಕೊಳ್ಳಿ ಅತ್ತೆ, ಹತ್ತು ನಿಮಿಷ ಬಂದೆ" ಎಂದು ಹೊರಗೆ ಹೋದಳು. ಗಾಜಿನಾಚೆ ಗೋಡೆಯ ಕಡೆ ತಿರುಗಿ ನಿಂತದ್ದು ಕಾಣುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನನ್ನ ಕಣ್ಣಲ್ಲೂ ನೀರು ಬಂತು, ಡಾಕ್ಟರು ಕಣ್ಣು ಒರೆಸಬೇಡಿ ಎಂದದ್ದೂ ಮರೆತು ಒರೆಸಿಕೊಂಡೆ.

ಅತ್ತಿರಲಿಲ್ಲ ಕಣೋ! ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿದ್ದಳು. ಗಿರಾಕಿಗಳಿಗೆ ಬರೆದುಕೊಡುವ ಚೀಟಿ ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿಕೊಂಡು ಒಳಗೆ ಬಂದಳು. ಕುಳಿತು, ತನ್ನ ಚೀಲದಿಂದ ಬಿಳಿ ಬಟ್ಟೆ ತೆಗೆದು ಆ ಹೊಳೆಯುವ ಮೇಜಿನ ಮೇಲೆ ಹಾಸಿದಳು. ಅದರ ಮೇಲೆ ಬಿಲ್ಲು ಇಟ್ಟಳು. ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಮೊದಲ ಸಾಲನ್ನು ಮುಟ್ಟಿ, "ಇದನ್ನ ತೋರಿಸಿ, ಆಮೇಲೆ ಬಿಲ್ಲು ಹಾಕಿ" ಎಂದಳು. ದನಿ ಏರಿಸಲಿಲ್ಲ, ಮನೆಯಲ್ಲಿ ಗಿರಾಕಿಯ ಎದುರು ಮಾತಾಡುವ ಅದೇ ದನಿ. ಹ್ಯಾಂಡ್ಲಿಂಗ್ ಎಂದರೆ ಕಾರನ್ನು ಗೋದಾಮಿನಿಂದ ಇಲ್ಲಿಗೆ ತಂದ ಖರ್ಚು ಎಂದ ಜೇನುಬಾಯಿ. ಅವಳು ಅವನ ತಲೆಯ ಹಿಂದಿನ ಗೋಡೆಯನ್ನು ತೋರಿಸಿದಳು. ಅಲ್ಲೇ ಕಂಪನಿಯ ಬೆಲೆಪಟ್ಟಿ ತೂಗುತ್ತಿತ್ತು, ಷೋರೂಮಿಗೆ ತಲುಪಿಸುವ ಖರ್ಚು ಬೆಲೆಯಲ್ಲೇ ಸೇರಿದೆ ಎಂದು ಅದರಲ್ಲೇ ಅಚ್ಚಾಗಿತ್ತು. ದಾಖಲೆ ಶುಲ್ಕಕ್ಕೆ ಸರ್ಕಾರದ ರಸೀದಿ ತೋರಿಸಿ ಎಂದಳು. ಆ ರಸೀದಿಯ ಹಣ ಆಗಲೇ ಬಿಲ್ಲಿನ ಮೇಲ್ಭಾಗದಲ್ಲಿ ಲೆಕ್ಕಕ್ಕೆ ಬಂದಿತ್ತು, ಇದು ಅದೇ ಕಾಗದಕ್ಕೆ ಎರಡನೇ ಸಲದ ವಸೂಲಿ. ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ, ಸರಿ, ಆದರೆ ಇಂಥವರ ಹತ್ತಿರವೇ ಮಾಡಿಸಬೇಕು ಎಂದು ಹೇಳುವ ಹಕ್ಕು ನಿಮಗೆ ಎಲ್ಲಿಂದ ಬಂತು, ಅದನ್ನೂ ತೋರಿಸಿ ಎಂದಳು. ಅವರು ಕೇಳಿದ್ದರ ಅರ್ಧ ಬೆಲೆಗೆ ಬೇರೆ ಕಡೆ ವಿಮೆಯನ್ನು, ಆ ದಿನದಿಂದಲೇ ಜಾರಿಯಾಗುವಂತೆ, ಅಷ್ಟರಲ್ಲಿ ಫೋನಿನಲ್ಲೇ ಮಾಡಿಸಿಯೂ ಬಂದಿದ್ದಳು.

ಉಳಿದದ್ದು ತಳದ ಲೇಪನ. ಕಾರನ್ನು ಮೇಲೆ ಎತ್ತಿಸಿ ಎಂದಳು. ಅದೆಲ್ಲ ಆಗಲ್ಲ, ಬಟ್ಟೆ ಕೊಳೆಯಾಗುತ್ತದೆ ಮೇಡಂ ಎಂದರು ಮ್ಯಾನೇಜರ್. ಪಾಪ, ಅವಳ ಬಟ್ಟೆಗೂ ಎಣ್ಣೆಗೂ ಇರುವ ಸಂಬಂಧ ಅವರಿಗೇನು ಗೊತ್ತು. ಅವಳು ಆಗಲೇ ಹಿಂದಿನ ವರ್ಕ್‌ಶಾಪಿನ ಕಡೆ ಹೊರಟಿದ್ದಳು, ನಾನು ಅವಳ ಹಿಂದೆ, ಅವರು ನನ್ನ ಹಿಂದೆ. ಪಕ್ಕದ ಮೇಜಿನಲ್ಲಿ ತಮ್ಮ ಬಿಲ್ಲು ಹಿಡಿದು ಕುಳಿತಿದ್ದ ಒಬ್ಬ ಶಾಲಾ ಮೇಷ್ಟರೂ ಅವರ ಹೆಂಡತಿಯೂ ಎದ್ದು ಮೆರವಣಿಗೆಗೆ ಸೇರಿಕೊಂಡರು. ಕಾರು ಮೇಲೆ ಹೋಯಿತು. ಅವಳು ಟಾರ್ಚ್ ಹಿಡಿದು ಕೆಳಗೆ ನಿಂತು, ಯಂತ್ರದ ಹೊಟ್ಟೆ ನೋಡುವಂತೆಯೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬೆಳಕು ಸರಿಸಿದಳು. ಬೆರಳಿನಿಂದ ಒರೆಸಿ ಎಲ್ಲರಿಗೂ ತೋರಿಸಿದಳು. ಬರೀ ಧೂಳು. ಕಾರ್ಖಾನೆಯಲ್ಲಿ ಅಂಟಿಸಿದ ಕಾಗದದ ಚೀಟಿಯೂ ಹಾಗೇ ಇತ್ತು. ಅಲ್ಲೇ ನಿಂತಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು, "ಅಣ್ಣಾ, ಇದಕ್ಕೆ ನೀವು ಲೇಪನ ಹಾಕಿದ್ರಾ?" ಎಂದು ಕೇಳಿದಳು. ಅವರು ಮ್ಯಾನೇಜರ್ ಮುಖ ನೋಡಿದರು. ಆಮೇಲೆ ಅವಳ ಕೈ ನೋಡಿದರು, ಸೂಜಿ ಚುಚ್ಚಿದ ಕಲೆ, ಉಗುರಿನ ಸಂದಿಯ ಎಣ್ಣೆ. "ಇಲ್ಲಮ್ಮ. ಈ ಗಾಡಿ ನನ್ನ ಕೈಗೆ ಬಂದೇ ಇಲ್ಲ" ಎಂದರು. ಆ ಮನುಷ್ಯನ ಕೆಲಸಕ್ಕೆ ಏನೂ ತೊಂದರೆಯಾಗದಿರಲಿ ಎಂದು ನಾನು ಅಂದಿನಿಂದ ದಿನಾ ಬೇಡಿಕೊಳ್ಳುತ್ತಿದ್ದೇನೆ.

ಆಗ ಮ್ಯಾನೇಜರ್ ದನಿ ಬೆಣ್ಣೆಯಾಯಿತು. ಅವಳನ್ನು ಪಕ್ಕಕ್ಕೆ ಕರೆದು, "ನಿಮಗೋಸ್ಕರ ಅರ್ಧ ಬಿಡ್ತೀನಿ, ಬೇರೆಯವರಿಗೆ ಹೇಳ್ಬೇಡಿ" ಎಂದರು. ಅವಳು ಎಲ್ಲರಿಗೂ ಕೇಳಿಸುವಂತೆಯೇ ಉತ್ತರ ಕೊಟ್ಟಳು. "ಹಾಕದೇ ಇರೋ ಲೇಪನದಲ್ಲಿ ಅರ್ಧ ಅಂದ್ರೆ ಎಷ್ಟು ಸಾರ್? ನಂಗೆ ರಿಯಾಯಿತಿ ಬೇಡ, ಸರಿಯಾದ ಬಿಲ್ಲು ಬೇಕು." ಮೇಷ್ಟರ ಹೆಂಡತಿ ಕಿಸಕ್ಕನೆ ನಕ್ಕರು. ಮ್ಯಾನೇಜರಿಗೆ ಅದು ಚುಚ್ಚಿತು. ಸಹಿ ಎಂದರೆ ಸಹಿ, ಹನ್ನೊಂದನೇ ಷರತ್ತಿಗೆ ಒಪ್ಪಿದ್ದೀರಿ, ಹಣ ಕಟ್ಟದೆ ಕಾರು ಕೊಡುವುದಿಲ್ಲ, ಮುಂಗಡವೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅವಳು ಚೀಟಿಯ ನಾಲ್ಕನೇ ಸಾಲು ನೋಡಿಕೊಂಡಳು. "ಸಹಿ ನಂದೇ, ಇಲ್ಲ ಅನ್ನಲ್ಲ. ಆದ್ರೆ ಒಂದೇ ಕಡೆಗೆ ವಾಲಿದ ಷರತ್ತು ಸಹಿ ಇದ್ರೂ ನಿಲ್ಲಲ್ಲ ಅಂತ ಸಹಾಯವಾಣಿಯವರು ಹೇಳಿದ್ದಾರೆ. ನೀವು ಈಗ ಹೇಳಿದ್ದನ್ನೇ ನಿಮ್ಮ ಷೋರೂಮಿನ ಕಾಗದದಲ್ಲಿ ಬರೆದು, ಮೊಹರು ಹಾಕಿ ಕೊಡಿ. ಗ್ರಾಹಕರ ವೇದಿಕೆಯವರು ಓದ್ಲಿ" ಎಂದಳು. ನನಗೆ ಆಗ ಎಲ್ಲಿತ್ತೋ ಧೈರ್ಯ, ಕೈಚೀಲದಿಂದ ಕೆಂಪು ಪೆನ್ನು ತೆಗೆದು, "ಬರೀರಿ, ಬರೀರಿ, ತಪ್ಪಿದ್ರೆ ನಾನು ತಿದ್ದಿಕೊಡ್ತೀನಿ" ಎಂದೆ. ಮೇಷ್ಟರು ತಮ್ಮ ಬಿಲ್ಲನ್ನೂ ಮುಂದೆ ಚಾಚಿ, ಹಾಗೇ ನಮ್ಮದನ್ನೂ ತೋರಿಸಿಬಿಡಿ ಎಂದರು. ಅವರ ಬಿಲ್ಲಿನಲ್ಲೂ ಅದೇ ನಾಲ್ಕು ಸಾಲು!

ಎರಡು ಗಂಟೆ ಕೂರಿಸಿದರು. ಕಂಪ್ಯೂಟರ್ ಕೆಟ್ಟಿದೆ ಎಂದರು, ಮಾಲೀಕರು ಊಟಕ್ಕೆ ಹೋಗಿದ್ದಾರೆ ಎಂದರು. ಈ ಸಲ ಹಣ್ಣಿನ ರಸ ಬರಲಿಲ್ಲ. ಅವಳು ಕದಲಲಿಲ್ಲ. ಮೇಜಿನ ಕೆಳಗೆ ಆ ಸ್ಕ್ರೂಡ್ರೈವರನ್ನು ಒಂದೇ ಸಮ ತಿರುಗಿಸುತ್ತಿದ್ದುದು ಪಕ್ಕದಲ್ಲಿದ್ದ ನನಗೆ ಮಾತ್ರ ಗೊತ್ತು. ಕೊನೆಗೆ ಗಾಜಿನ ಕೋಣೆಯ ಫೋನು ಬಡಿದುಕೊಂಡಿತು, ಮಾಲೀಕರ ಜೊತೆ ಮ್ಯಾನೇಜರ್ ನಿಂತೇ ಮಾತಾಡಿದರು, ಜೇನುಬಾಯಿ ಹೊಸ ಬಿಲ್ಲು ತಂದ. ನಾಲ್ಕು ಸಾಲೂ ಮಾಯ. ಪಟ್ಟಿಯ ಬೆಲೆ, ಸರ್ಕಾರದ ತೆರಿಗೆ ಮತ್ತು ಶುಲ್ಕ, ಅಷ್ಟೇ. ಬಿಲ್ಲನ್ನು ಅವಳೇ ಓದಿದಳು, ಹಿಂದೆ ಮುಂದೆ ಎರಡೂ ಬದಿ, ಒಂದೊಂದು ಸಾಲಿಗೂ ಬೆರಳಿಟ್ಟು. ಓದಿ ಸಹಿ ಹಾಕಿದಳು. ನನ್ನ ಕೈಗೆ ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು, ನನಗೂ ಗೊತ್ತು. ಆದರೂ ಒಳಗೆ ಎಲ್ಲೋ ಚುರ್ರೆಂದಿತು.

ಮನೆಗೆ ಬರುವಾಗ ಅವಳೇ ಓಡಿಸಿದಳು. ದಾರಿಯಲ್ಲಿ ನಾನು ತಪ್ಪಾಯಿತು ಎಂದೆ. "ಸಿಗ್ನಲ್ಲು ಬಂತು ಅತ್ತೆ, ಆಮೇಲೆ ಮಾತಾಡೋಣ" ಎಂದಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಬೀದಿಯವರಿಗೆಲ್ಲ, ತಾನೇ ಓದದೆ ಸಹಿ ಹಾಕಿ ಸಿಕ್ಕಿಕೊಂಡಿದ್ದಾಗಿ ಹೇಳುತ್ತಿದ್ದಾಳೆ, ನನ್ನ ಹೆಸರೇ ತೆಗೆಯುವುದಿಲ್ಲ. ಸುದ್ದಿ ಹರಡಿ ನಿನ್ನೆ ಇಬ್ಬರು ತಮ್ಮ ತಮ್ಮ ಬಿಲ್ಲು ಹಿಡಿದು ಬಂದಿದ್ದರು, ಒಬ್ಬರು ಫ್ರಿಜ್ಜಿನದು, ಒಬ್ಬರು ಸ್ಕೂಟರಿನದು. ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ ಬಿಳಿ ಬಟ್ಟೆ ಹಾಸಿದಳು. ನಾನು ಹೆಮ್ಮೆಯಿಂದ ಇಬ್ಬರಿಗೂ ಕುರ್ಚಿ ಎಳೆದುಕೊಟ್ಟೆ. ಪುಟ್ಟಾ, ನಿನಗೂ ನನಗೂ ಅವಳ ಅಳತೆ ಗೊತ್ತಿರಲಿಲ್ಲ. ಮೌನವಾಗಿ ಇರುವವರೆಲ್ಲ ಒಪ್ಪಿದವರಲ್ಲ, ಕೆಲವರು ಬಿಚ್ಚಿ ನೋಡುತ್ತಾ ಇರುತ್ತಾರೆ. ಇಂಥವಳು ನಮ್ಮ ಮನೆಯಲ್ಲಿದ್ದಾಳೆ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಬೇಕು ಅನ್ನಿಸುತ್ತದೆ. ಕೂಗಿದರೆ ಅವಳು ನಾಚಿಕೊಳ್ಳುತ್ತಾಳೆ, ಅದಕ್ಕೆ ನಿನಗೆ ಬರೆದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಹೆಚ್ಚು ಕುಡಿ, ಬೆನ್ನನ್ನು ಗೋಡೆಗೆ ಉಜ್ಜಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ನೀನು ಎಲ್ಲಿದ್ದರೂ ನೀರು ನೆಮ್ಮದಿಯಾಗಿರಲಿ, ನೀನೂ ನೆಮ್ಮದಿಯಾಗಿರು.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹಾಕಲು ಹೊರಟಿದ್ದೇವೆ, ಕೆಳಗೆ ಹಾರನ್ ಹೊಡೆಯುತ್ತಿದ್ದಾಳೆ, ಆದರೂ ಇದನ್ನು ಬರೆಯದೆ ಲಕೋಟೆ ಮುಚ್ಚಲಾರೆ. ಇವತ್ತು ಬೆಳಿಗ್ಗೆ, ಅಂದು ಫೋನಿನಲ್ಲಿ ಮಾಡಿಸಿದ ವಿಮೆಗೆ ಆಮೇಲೆ ಕಳಿಸಬೇಕಿದ್ದ ಅರ್ಜಿಯನ್ನು ತುಂಬಿ, ಸಹಿ ಹಾಕದೆ, ನನ್ನ ಮುಂದೆ ಇಟ್ಟಳು. "ಅತ್ತೆ, ಒಂದ್ಸಲ ಓದ್ಬಿಡಿ, ಆಮೇಲೆ ಸಹಿ ಹಾಕ್ತೀನಿ" ಎಂದಳು. ಮೂರು ಸಲ ಓದಿದೆ, ಒಂದೊಂದು ಸಾಲಿನ ಅರ್ಥವನ್ನೂ ಬಾಯಿಬಿಟ್ಟು ಹೇಳಿಕೊಂಡು ಓದಿದೆ. ಹಣ ಸರಿಯಾಗಿದೆ, ಷರತ್ತುಗಳೂ ಸರಿಯಾಗಿವೆ. ವಾರಸುದಾರರು ಎಂಬಲ್ಲಿ ನನ್ನ ಹೆಸರು ಬರೆದಿದ್ದಾಳೆ. ನೀನು ಸಮುದ್ರದ ಮೇಲಿರುವವನು, ಸಹಿಗೆ ಸಿಗುವುದಿಲ್ಲವಂತೆ, ಮುಖ ಊದಿಸಬೇಡ. ಇಡೀ ಅರ್ಜಿಯಲ್ಲಿ ಇದ್ದದ್ದು ಒಂದೇ ತಪ್ಪು. ನನ್ನ ಹೆಸರಿನ ಮುಂದೆ, ಸಂಬಂಧ ಎಂಬ ಕಡೆ, ಅತ್ತೆ ಎಂದಿರಬೇಕಾದಲ್ಲಿ ತನ್ನ ದುಂಡು ಅಕ್ಷರದಲ್ಲಿ ತಾಯಿ ಎಂದು ಬರೆದಿದ್ದಾಳೆ. ಎಲ್ಲ ಸರಿಯಾಗಿದೆ ಎಂದು ಹೇಳಿ ವಾಪಸು ಕೊಟ್ಟೆ.